ಬೆಂಚ್ ವೈಸ್‌ಗಳನ್ನು ಬಿಚ್ಚಿ ನೋಡದೆ ಗುಜರಿಗೆ ಹಾಕಬೇಡಿ

ಮಾನ್ಯ ಸಂಪಾದಕರೇ,

ಮಾರ್ಚ್ ತಿಂಗಳು ಹತ್ತಿರವಾದಂತೆ ತರಬೇತಿ ಸಂಸ್ಥೆಗಳಲ್ಲಿ ದಾಸ್ತಾನು ಪರಿಶೀಲನೆ ನಡೆದು, ‘ನಿರುಪಯುಕ್ತ’ ಎಂಬ ಷರಾ ಬರೆಸಿಕೊಂಡ ಸಾಮಾನುಗಳು ಹರಾಜಿಗೆ ಹೋಗುತ್ತವೆ. ಮುರಿದ ಕುರ್ಚಿ, ಸುಟ್ಟ ಮೋಟಾರುಗಳ ಬಗ್ಗೆ ನನ್ನ ತಕರಾರಿಲ್ಲ. ಅವುಗಳ ಜೊತೆಗೇ ಕಿಲೊ ಲೆಕ್ಕದಲ್ಲಿ ತೂಗಿ ಹೋಗುವ ಹಳೆಯ ಬೆಂಚ್ ವೈಸ್‌ಗಳ ಪರವಾಗಿ ಈ ಪತ್ರ ಬರೆಯುತ್ತಿದ್ದೇನೆ. ಅರ ಹಾಕುವಾಗ, ಕೊರೆಯುವಾಗ ಸಾಮಾನು ಅಲುಗಾಡದಂತೆ ಎರಡು ದವಡೆಗಳ ನಡುವೆ ಕಚ್ಚಿ ಹಿಡಿಯುವ, ಕೆಲಸದ ಮೇಜಿಗೆ ಬಿಗಿದ ಕಬ್ಬಿಣದ ಉಪಕರಣವೇ ಈ ವೈಸ್. ಫಿಟ್ಟರ್ ವಿಭಾಗದಲ್ಲಿ ಬಹುಕಾಲ ಪಾಠ ಹೇಳಿ, ನಿವೃತ್ತಿಯ ನಂತರ ಹಳೆಯ ವೈಸ್‌ಗಳನ್ನು ಕೊಂಡು ದುರಸ್ತಿ ಮಾಡುವ ಹವ್ಯಾಸ ಹಚ್ಚಿಕೊಂಡಿರುವ ನಾನು ಕಂಡಂತೆ, ಹಾಗೆ ಹೋದ ವೈಸ್‌ಗಳಲ್ಲಿ ಅನೇಕವು ನಿಜಕ್ಕೂ ಕೆಟ್ಟಿರುವುದಿಲ್ಲ.

ಕಳೆದ ವರ್ಷ ಹುಬ್ಬಳ್ಳಿಯ ಗುಜರಿ ಅಂಗಡಿಯೊಂದರಲ್ಲಿ, ಒಂದು ಸಂಸ್ಥೆಯ ದಾಸ್ತಾನು ಸಂಖ್ಯೆಯನ್ನು ಬಿಳಿ ಬಣ್ಣದಲ್ಲಿ ಬರೆದಿದ್ದ ವೈಸ್ ಒಂದು ಬಿದ್ದಿತ್ತು. ಬಿಚ್ಚಲು ಹ್ಯಾಂಡಲ್ ತಿರುಗಿಸಿದರೆ ಸ್ಪಿಂಡಲ್, ಅಂದರೆ ದವಡೆಯನ್ನು ಓಡಿಸುವ ಉದ್ದನೆಯ ಸ್ಕ್ರೂ, ಮಾತ್ರ ಹೊರಬರುತ್ತಿತ್ತು, ಮುಂದಿನ ದವಡೆ ಇದ್ದಲ್ಲಿಯೇ ಇರುತ್ತಿತ್ತು. “ಥ್ರೆಡ್ ಹೋಗೇತ್ರಿ ಸರ್, ಕರಗಸಾಕ ಹೋಗೂ ಮಾಲದು” ಎಂದರು ಅಂಗಡಿಯವರು. ಥ್ರೆಡ್ ಹೋಗಿದ್ದರೆ ವೈಸ್ ಬಿಗಿಯಲೇಬಾರದು. ಇದು ಬಿಗಿಯುತ್ತಿತ್ತು, ಬಿಚ್ಚುವಾಗ ಮಾತ್ರ ದವಡೆಯನ್ನು ಕೈಯಿಂದ ಎಳೆಯಬೇಕಾಗಿತ್ತು. ಮುಂದಿನ ದವಡೆಯ ಹಿಂಬದಿಯಲ್ಲಿ ಸ್ಪಿಂಡಲ್‌ಗೆ ಒಂದು ಸ್ಪ್ರಿಂಗ್, ಒಂದು ವಾಷರ್ ಮತ್ತು ಅವು ಜಾರದಂತೆ ತಡೆಯುವ ಒಂದು ಸ್ಪ್ಲಿಟ್ ಪಿನ್ ಇರುತ್ತವೆ. ಆ ಪಿನ್ ತುಂಡಾದರೆ ಸ್ಪಿಂಡಲ್‌ಗೂ ದವಡೆಗೂ ಸಂಬಂಧ ತಪ್ಪಿಹೋಗುತ್ತದೆ, ಅಷ್ಟೆ. ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಚಿಲ್ಲರೆ ಕಾಸಿಗೆ ಸಿಗುವ ಒಂದು ಪಿನ್ನಿಗಾಗಿ, ಹದಿನಾರು ಕಿಲೊ ಆಸುಪಾಸಿನ ಗಟ್ಟಿ ಬೀಡಿನ (ಎರಕದ ಕಬ್ಬಿಣದ) ವೈಸ್ ಸಂಸ್ಥೆಯಿಂದ ಹೊರಬಿದ್ದಿತ್ತು.

ಮನೆಗೆ ತಂದು, ಒಂದರ ಮೇಲೊಂದು ಬಳಿದಿದ್ದ ಹಸಿರು, ಬೂದು, ಮತ್ತೆ ಹಸಿರು ಬಣ್ಣವನ್ನು ತೆಗೆದಾಗ ‘ರೆಕಾರ್ಡ್’ ಎಂಬ ಉಬ್ಬಕ್ಷರಗಳೂ 3 ಎಂಬ ಅಂಕಿಯೂ ಕಾಣಿಸಿದವು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಸಿ. ಅಂಡ್ ಜೆ. ಹ್ಯಾಂಪ್ಟನ್ ಕಂಪನಿ ತಯಾರಿಸುತ್ತಿದ್ದ ವೈಸ್ ಅದು. ಈ 3 ಎಂಬುದು ಇಂಚಿನ ಲೆಕ್ಕವಲ್ಲ, ಮಾದರಿಯ ಸಂಖ್ಯೆ. ಅದರ ದವಡೆಯ ಅಗಲ 4 ಇಂಚು. ಅದೇ ದೇಶದ ಪಾರ್ಕಿನ್ಸನ್, ವೋಡನ್, ಅಮೆರಿಕದ ವಿಲ್ಟನ್ ಮುಂತಾದ ಹೆಸರುಗಳಿಗೆ ಸಂಗ್ರಾಹಕರ ನಡುವೆ ಈಗ ಒಳ್ಳೆಯ ಬೆಲೆಯಿದೆ. ಆದರೆ ಹೆಸರು ನೋಡಿ ಕೊಳ್ಳುವುದು ನನಗೆ ಸರಿಕಾಣುವುದಿಲ್ಲ. ಹೆಸರಿಲ್ಲದ ನಮ್ಮ ದೇಶದ ವೈಸ್ ಕೂಡ ಬೀಡು ಚೆನ್ನಾಗಿದ್ದರೆ ನಮ್ಮನ್ನು ಮೀರಿ ಬಾಳುತ್ತದೆ.

ಕೊಳ್ಳುವ ಮುನ್ನ ನೋಡಬೇಕಾದದ್ದು ಮುಖ್ಯವಾಗಿ ಬಿರುಕು. ಹ್ಯಾಂಡಲ್‌ಗೆ ಉದ್ದನೆಯ ಪೈಪು ತೊಡಿಸಿ ಬಿಗಿಯುವ ಕೆಟ್ಟ ಚಾಳಿಯಿಂದ, ದವಡೆಯ ಬುಡದಲ್ಲಿ ಅಥವಾ ಜಾರುವ ಭಾಗದ ಕೆಳಗೆ ಕೂದಲೆಳೆಯಷ್ಟು ಸಣ್ಣ ಸೀಳು ಬಿಟ್ಟಿರುತ್ತದೆ, ದಪ್ಪ ಬಣ್ಣ ಅದನ್ನು ಮುಚ್ಚಿರುತ್ತದೆ. ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಒಡಕು ಗಡಿಗೆಯಂಥ ಮಂಕು ಸದ್ದು ಬಂದರೆ ಸಂಶಯಪಡಬೇಕು. ಬೀಡಿಗೆ ಸಾಮಾನ್ಯ ರಾಡಿನಿಂದ ವೆಲ್ಡಿಂಗ್ ಮಾಡಿಸಿದ್ದನ್ನು ನಾನಂತೂ ಕೊಳ್ಳುವುದಿಲ್ಲ. ಸವೆದ ದವಡೆ ಪಟ್ಟಿ (ದವಡೆಯ ಮುಖಕ್ಕೆ ಸ್ಕ್ರೂ ಹಾಕಿ ಕೂರಿಸುವ ಪಟ್ಟಿ), ಬಾಗಿದ ಹ್ಯಾಂಡಲ್ ಇವೆಲ್ಲ ದೋಷವೇ ಅಲ್ಲ, ಚೌಕಾಸಿಗೆ ಒಳ್ಳೆಯ ನೆಪ. ಸ್ಪಿಂಡಲ್ ಕೂರುವ ನಟ್ ಕೂಡ ಎಷ್ಟೋ ಮಾದರಿಗಳಲ್ಲಿ ಬೇರೆಯೇ ಬಿಡಿಭಾಗ. ಸವೆದಿದ್ದರೆ ಲೇತ್ ಕೆಲಸದ ಒಳ್ಳೆಯ ಟರ್ನರ್ ಹೊಸದನ್ನು ಮಾಡಿಕೊಡುತ್ತಾರೆ.

ದುರಸ್ತಿಗೆ ಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ ತಾಳ್ಮೆ. ನನ್ನ ವೈಸಿನ ನಟ್ಟಿನೊಳಗೆ ಹಳೆಯ ಗ್ರೀಸ್ ಮತ್ತು ಅರದ ಪುಡಿ ಸೇರಿ ಡಾಂಬರಿನಂತೆ ಗಟ್ಟಿಯಾಗಿತ್ತು. ಎರಡು ದಿನ ಸೀಮೆಎಣ್ಣೆಯಲ್ಲಿ ನೆನೆಸಿ, ಬಿದಿರು ಕಡ್ಡಿಯಿಂದ ಒಂದೊಂದೇ ಸುತ್ತು ಕೆರೆದು ತೆಗೆದೆ. ಬಿಡಿಭಾಗಗಳ ತುಕ್ಕು ಬಿಡಿಸಲು ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ ಅವನ್ನು ಮುಳುಗಿಸಿ, ಬ್ಯಾಟರಿ ಚಾರ್ಜರಿನ ನೆಗೆಟಿವ್ ತಂತಿಯನ್ನು ಅವುಗಳಿಗೂ ಪಾಸಿಟಿವ್ ತಂತಿಯನ್ನು ಒಂದು ಬೇಡದ ಕಬ್ಬಿಣದ ತುಂಡಿಗೂ ಕಟ್ಟಿ, ಎರಡೂ ಒಂದಕ್ಕೊಂದು ತಾಗದಂತೆ ರಾತ್ರಿಯಿಡೀ ಬಿಟ್ಟರೆ ಸಾಕು. ಇದರಿಂದ ಹೈಡ್ರೋಜನ್ ಹೊರಬರುವುದರಿಂದ ಬಯಲಿನಲ್ಲೇ ಮಾಡಬೇಕು, ಬಳಿಯಲ್ಲಿ ಬೆಂಕಿ ಇರಬಾರದು; ಕಬ್ಬಿಣದ ತುಂಡಿನ ಬದಲು ಸ್ಟೇನ್‌ಲೆಸ್ ಸ್ಟೀಲ್ ಬಳಸಿದರೆ ನೀರಿಗೆ ವಿಷಕಾರಿ ಕ್ರೋಮಿಯಂ ಸೇರುತ್ತದೆ. ಹಳೆಯ ಬಣ್ಣದಲ್ಲಿ ಸೀಸ ಇರುವ ಸಂಭವ ಹೆಚ್ಚಾದ್ದರಿಂದ ಅದನ್ನು ಗ್ರೈಂಡರ್ ಹಿಡಿದು ಪುಡಿ ಎಬ್ಬಿಸಲೂಬಾರದು. ಬಳಿಕ ತುಕ್ಕು ತಡೆಯುವ ರೆಡ್ ಆಕ್ಸೈಡ್ ಲೇಪ, ಅದರ ಮೇಲೊಂದು ಬಣ್ಣ. ಕೆಲವರು ಇಡೀ ವೈಸನ್ನು ಕನ್ನಡಿಯಂತೆ ಹೊಳಪಿಸಿ ಷೋಕೇಸಿನಲ್ಲಿಡುತ್ತಾರೆ. ಅವರ ಸಂತೋಷ ಅವರಿಗೆ, ಆದರೆ ಜಾರುವ ಭಾಗಕ್ಕೂ ಬಣ್ಣ ಬಳಿದ ವೈಸನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ. ಅಲ್ಲಿಗೆ ಬೇಕಾದದ್ದು ಎಣ್ಣೆ.

ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಬಿಚ್ಚುವುದು, ತೊಳೆಯುವುದು, ಅರ ಹಾಕುವುದು, ದವಡೆ ಪಟ್ಟಿಗೆ ತೂತು ಕೊರೆದು ಟ್ಯಾಪ್‌ನಿಂದ ಥ್ರೆಡ್ ಹಾಕುವುದು, ಮತ್ತೆ ಜೋಡಿಸುವುದು ಎಲ್ಲವೂ ಫಿಟ್ಟರ್ ಕಲಿಯುವ ಹುಡುಗರು ಹೇಗೂ ಕಲಿಯಲೇಬೇಕಾದ ಕೆಲಸಗಳು. ಚಪ್ಪಟೆ ಪಟ್ಟಿಯೊಂದನ್ನು ವಾರಗಟ್ಟಲೆ ಅರದಿಂದ ತಿಕ್ಕಿ, ಕೊನೆಗೆ ಅದನ್ನೂ ಗುಜರಿಗೆ ಎಸೆಯುವ ಬದಲು, ಅದೇ ಶ್ರಮದಲ್ಲಿ ಒಂದು ದವಡೆ ಪಟ್ಟಿ ಮಾಡಿ ತಮ್ಮದೇ ಬೆಂಚಿನ ವೈಸಿಗೆ ಕೂರಿಸುವ ಅವಕಾಶ ಅವರಿಗೆ ಏಕೆ ಸಿಗಬಾರದು?

ಆದ್ದರಿಂದ ಸಂಬಂಧಪಟ್ಟ ಅಧಿಕಾರಿಗಳಲ್ಲಿ ನನ್ನ ಮನವಿ ಇಷ್ಟು: ವೈಸ್‌ಗೆ ‘ನಿರುಪಯುಕ್ತ’ ಎಂದು ಬರೆಯುವ ಮುನ್ನ ಆ ವಿಭಾಗದ ಬೋಧಕರು ಅದನ್ನು ಬಿಚ್ಚಿ ನೋಡಿ, ಯಾವ ಭಾಗ ಕೆಟ್ಟಿದೆ ಎಂಬುದನ್ನು ಷರಾದಲ್ಲಿಯೇ ನಮೂದಿಸುವಂತೆ ಆದೇಶವಾಗಲಿ. ಬೀಡೇ ಸೀಳಿದ್ದರೆ ಧಾರಾಳವಾಗಿ ಕರಗಲಿ. ಉಳಿದವು ವಿದ್ಯಾರ್ಥಿಗಳ ಕೈಗೆ ಬರಲಿ. ಅದೂ ಆಗದಿದ್ದರೆ ಇತರ ಕಬ್ಬಿಣದ ರಾಶಿಯೊಂದಿಗೆ ಸೇರಿಸದೆ ಬಿಡಿಬಿಡಿಯಾಗಿ ಹರಾಜು ಹಾಕಲಿ. ಹೊಸ ವೈಸ್ ಕೊಳ್ಳಲಾಗದ ಸಣ್ಣ ಗ್ಯಾರೇಜಿನವರು, ಕಮ್ಮಾರರು, ಸೈಕಲ್ ರಿಪೇರಿಯವರು ಗುಜರಿ ದರಕ್ಕಿಂತ ಹೆಚ್ಚನ್ನೇ ಕೊಟ್ಟು ಒಯ್ಯುತ್ತಾರೆ.

– ನಿವೃತ್ತ ಫಿಟ್ಟರ್ ಬೋಧಕ, ಹುಬ್ಬಳ್ಳಿ