ಠುಮ್ರಿ ಬೇಡವೆಂದ ಗೆಳೆಯನಿಗೆ

ಗೆಳೆಯಾ,

‘ಠುಮ್ರಿ, ದಾದ್ರಾ ಎಲ್ಲ ಊಟ ಆದಮೇಲಿನ ಎಲೆ-ಅಡಿಕೆ ಕಣೋ, ಅದಕ್ಕಂತಲೇ ಯಾರು ಬರ್ತಾರೆ’ ಅಂದು ಹಿಂದೂಸ್ತಾನಿಯ ಈ ಪುಟ್ಟ ಹಾಡುಗಳ ಕಚೇರಿಗೆ ಬಾರದೆ ಮನೆಯಲ್ಲೇ ಉಳಿದೆಯಲ್ಲ, ನಿನ್ನ ಜೊತೆ ಜಗಳ ತೆಗೆಯಲೆಂದೇ ಈ ಪತ್ರ.

ಮೊದಲು ಹಾಡಿದ್ದು ಖಮಾಜ್ ರಾಗದ ಠುಮ್ರಿ. ದೀಪಚಂದಿ ತಾಳ, 14 ಮಾತ್ರೆ ಅಂದರೆ 14 ಎಣಿಕೆ, ಅವಸರವೇ ಇಲ್ಲದ ನಡೆ. ಸಾಲಿನಲ್ಲಿದ್ದ ಸಂಗತಿ ಇಷ್ಟೇ: ಇರುಳು ಕಳೆಯಿತು, ಅವನು ಬರಲಿಲ್ಲ. ಅದೊಂದನ್ನೇ ಹಿಡಿದು ಗಾಯಕಿ ಅರ್ಧ ಗಂಟೆ ಕೂತರು. ಮೊದಲ ಸಲ ‘ಬರಲಿಲ್ಲ’ ಅಂದದ್ದು ಬರೀ ಸುದ್ದಿ. ತಗ್ಗಿಸಿದ ‘ನಿ’, ಅಂದರೆ ಕೋಮಲ ನಿಷಾದದ ಮೇಲೆ ತುಸು ನಿಂತು ಇಳಿದರು, ಅದೇ ಮಾತು ದೂರಿನಂತಾಯಿತು. ದೇಸ್ ರಾಗದ ಒಂದು ಎಳೆ ಸೇರಿಸಿದರು, ಗೆಳತಿಯ ಹತ್ತಿರ ಗುಟ್ಟು ಹೇಳಿದ ಹಾಗಾಯಿತು. ಮತ್ತೊಮ್ಮೆ ಶುದ್ಧ ಗಾಂಧಾರ ಬರಬೇಕಾದ ಜಾಗದಲ್ಲಿ ಕೋಮಲ ಗಾಂಧಾರವನ್ನು ಹೀಗೆ ಮುಟ್ಟಿ ಹಾಗೆ ವಾಪಸು ಬಂದರು ನೋಡು, ಹಾರ್ಮೋನಿಯಂನವರು ನುಡಿಸುವುದನ್ನೇ ಬಿಟ್ಟು ತಲೆಯಾಡಿಸಿದರು. ಮಾತಿಗೆ ಸ್ವರದಿಂದ ಬಗೆಬಗೆಯ ಭಾವ ಕಟ್ಟುವ ಇದಕ್ಕೇ ಬೋಲ್ ಬನಾವ್ ಅನ್ನುವುದು.

ರಾಗದ ಕಟ್ಟು ಮೀರದೆ ಹಾಡುವ ಖಯಾಲಿನಲ್ಲಿ ಹಾಗೇನಾದರೂ ಮಾಡಿದ್ದರೆ ನೀನು ಎದ್ದು ಹೊರಗೆ ಹೋಗುತ್ತಿದ್ದೆ, ಗೊತ್ತು. ಇಲ್ಲಿ ರಾಗದ ಗಡಿ ದಾಟಲು ಸಲಿಗೆಯಿದೆ. ಆದರೆ ದಾಟಿದ್ದು, ಮರಳಿದ್ದು ಎರಡೂ ಆ ಮಾತಿನ ಭಾವಕ್ಕೆ ಬೇಕಿತ್ತು ಅನ್ನಿಸಬೇಕು. ಅದು ಕೈಗೂಡದಿದ್ದರೆ ಸರಸರ ಸ್ವರಗಳ ಹತ್ತು ತಾನ್ ಹೊಡೆದು ಮುಚ್ಚಿಹಾಕುವ ಹಾಗಿಲ್ಲ. ಖಯಾಲನ್ನು ಚೆನ್ನಾಗಿ ಹಾಡುವವರೂ ಎಷ್ಟೋ ಜನ ಇಲ್ಲಿ ಎಡವುತ್ತಾರೆ ಅಂತ ನನ್ನ ಅನಿಸಿಕೆ. ಹೆಸರು ಹೇಳಿದರೆ ನೀನು ಮಾತು ಬಿಡ್ತೀಯ.

ಹಾಡಿನ ಎರಡನೆಯ ಭಾಗ ಅಂತರಾ ಆದಮೇಲೆ ಲಗ್ಗಿ, ಅಂದರೆ ತಬಲಾದ ಓಟ. ತಬಲಾ ಒಮ್ಮೆಗೇ ದುಪ್ಪಟ್ಟು ವೇಗದ ಕೆಹರ್ವಾ ತಾಳಕ್ಕೆ ಹಾರಿತು. ಗಾಯಕಿ ಹಾಡಿನ ಮೊದಲ ಭಾಗ ಸ್ಥಾಯಿಯ ಸಾಲನ್ನು ಬಿಡದೆ ಸುತ್ತಿಸುತ್ತಿದ್ದರೆ ತಬಲಾದವರು ಒಂದರ ಮೇಲೊಂದು ಪೆಟ್ಟಿನ ಬೋಲ್ ಪೇರಿಸುತ್ತಾ ಹೋದರು. ಜನ ಸೇರಿಕೊಂಡು ಚಪ್ಪಾಳೆ ತಟ್ಟಿದರು, ಒಂದೂ ಮಾತ್ರೆಗೆ ಕೂಡಲಿಲ್ಲ, ಆ ಮಾತು ಬಿಡು. ನನಗೆ ಬೇಕಿದ್ದದ್ದು ಅದರ ಮುಂದಿನ ಗಳಿಗೆ. ಮೂರು ಸಲ ನುಡಿಸುವ ತಿಹಾಯಿ ಬಿದ್ದು ತಾಳದ ಮೊದಲ ಪೆಟ್ಟಾದ ಸಮಕ್ಕೆ ಬಂದದ್ದೇ, ಅದೇ ಮೊದಲಿನ ನಿಧಾನ ಲಯ. ಅವನು ಇನ್ನೂ ಬಂದಿಲ್ಲ!

ದಾದ್ರಾ, ಮಳೆಗಾಲದ ಹಾಡು ಕಜ್ರಿ ಆಮೇಲೆ ಬಂದವು, ಹೆಚ್ಚು ಹೇಳಲಿಕ್ಕಿಲ್ಲ. ಮೈಕಿನವರು ತಬಲಾದ ಎಡಗೈ ಬಾಯಾವನ್ನು ಎಷ್ಟು ಏರಿಸಿದ್ದರೆಂದರೆ ಪಾಪ, ಸಾರಂಗಿಯವರ ಕೈ ಆಡುವುದಷ್ಟೇ ಕಾಣುತ್ತಿತ್ತು.

ಈ ಹಾಡಿಕೆ ‘ಹಗುರ’ ಅನ್ನಿಸಿಕೊಂಡದ್ದಕ್ಕೆ ಅದರ ಸ್ವರಕ್ಕಿಂತ ಹಾಡಿದವರು ಯಾರು ಎಂಬುದೇ ಹೆಚ್ಚಿನ ಕಾರಣ ಇರಬೇಕು. ಲಖನೌದ ನವಾಬ ವಾಜಿದ್ ಅಲಿ ಶಾಹನ ದರ್ಬಾರಿನಲ್ಲಿ ಮೆರೆದ ಠುಮ್ರಿ, 1856ರಲ್ಲಿ ಬ್ರಿಟಿಷರು ಅವನ ರಾಜ್ಯ ಕಸಿದಮೇಲೆ ಅವನ ಹಿಂದೆಯೇ ಕಲ್ಕತ್ತೆಯ ಮಟಿಯಾಬುರ್ಜ್‌ಗೂ ಹೋಯಿತು. ಅದನ್ನು ಪೀಳಿಗೆಯಿಂದ ಪೀಳಿಗೆಗೆ ಕಾಪಾಡಿದವರಲ್ಲಿ ಹಾಡು-ನೃತ್ಯವನ್ನೇ ವೃತ್ತಿಯಾಗಿಸಿಕೊಂಡಿದ್ದ ತವಾಯಿಫರೇ ಮುಂದು. ಅವರ ಮೇಲಿನ ತಾತ್ಸಾರ ಅವರ ಹಾಡಿಗೂ ಅಂಟಿಕೊಂಡಿತು. ಠುಮ್ರಿಗೆ ಹೆಸರಾದ ರಸೂಲನ್ ಬಾಯಿಯವರನ್ನು, ಸಿದ್ಧೇಶ್ವರಿ ದೇವಿಯವರನ್ನು ಒಮ್ಮೆ ಕೇಳಿ ಆಮೇಲೆ ಹಗುರ ಅನ್ನು ನೋಡೋಣ.

ಇನ್ನೂ ಒಂದಿದೆ. ನೀನು ದೇವರಂತೆ ಕಾಣುವ ಭೀಮಸೇನ ಜೋಶಿಯವರು 1933ರಲ್ಲಿ, ಹನ್ನೊಂದರ ಹುಡುಗ, ಗದಗಿನ ಮನೆ ಬಿಟ್ಟು ಗುರುವನ್ನು ಹುಡುಕಿಕೊಂಡು ಹೊರಟರಲ್ಲ. ಆ ಹುಚ್ಚು ಹಿಡಿಸಿದ್ದು ಗಾಯಕ ಅಬ್ದುಲ್ ಕರೀಂ ಖಾನರ ಗ್ರಾಮೊಫೋನ್ ತಟ್ಟೆ. ಅದರಲ್ಲಿದ್ದದ್ದು ಝಿಂಝೋಟಿ ರಾಗದ ಒಂದು ಠುಮ್ರಿ. ಈಗ ಏನಂತೀಯಪ್ಪ?

ಬೇಗಂ ಅಖ್ತರ್ ಅವರ ಯಾವುದಾದರೂ ದಾದ್ರಾದಿಂದ ಶುರುಮಾಡು. ತಾರಸ್ಥಾಯಿಗೆ ಏರುವಾಗ ಅವರ ದನಿ ಒಂದು ಕ್ಷಣ ಒಡೆಯುತ್ತದೆ. ಬೇರೆಯವರಲ್ಲಾದರೆ ದೋಷ ಅನ್ನುತ್ತಿದ್ದೆವು, ಅವರಲ್ಲಿ ಅದಕ್ಕಾಗಿಯೇ ಕಾಯುತ್ತೇವೆ. ಆಮೇಲೆ ಶೋಭಾ ಗುರ್ಟು, ನಮ್ಮ ಬೆಳಗಾವಿಯಲ್ಲೇ ಹುಟ್ಟಿದವರು. ಅಡುಗೆ ಮಾಡುತ್ತಾ, ಗಾಡಿ ಓಡಿಸುತ್ತಾ ಕೇಳಬೇಡ ಮಾರಾಯ. ಕೂತು ಕೇಳು, ಮೂರು ಸಾಲೇ ಇರುತ್ತೆ. ಕೇಳಿ ಫೋನ್ ಮಾಡು, ಬೈಯೋದಿದ್ದರೂ ಪರವಾಗಿಲ್ಲ.

ನಿನ್ನ ಗೆಳೆಯ