ತುರ್ತು ಸಿದ್ಧತೆಯ ಪಟ್ಟಿಯಲ್ಲಿ ಮೀನಿಗೂ ಜಾಗವಿರಲಿ

ಮಾನ್ಯ ಸಂಪಾದಕರೇ,

ನೆರೆ ಅಥವಾ ಬೆಂಕಿಯ ಭಯದಿಂದ ಮನೆ ಬಿಟ್ಟು ಹೊರಡಬೇಕಾದಾಗ ಸಾಕುಪ್ರಾಣಿಗಳನ್ನು ಹೇಗೆ ಕರೆದೊಯ್ಯಬೇಕೆಂದು ತಿಳಿಸುವ ಬರಹಗಳು ಸಾಮಾನ್ಯವಾಗಿ ನಾಯಿಯ ಸರಪಳಿ, ಬೆಕ್ಕಿನ ಬುಟ್ಟಿ, ಹಕ್ಕಿಯ ಪಂಜರದವರೆಗೆ ಬಂದು ನಿಂತುಬಿಡುತ್ತವೆ. ತೊಟ್ಟಿಯ ಮೀನಿನ ಮಾತು ಬರುವುದೇ ಇಲ್ಲ. ಈ ಮರೆವು ಪತ್ರಿಕೆಗಳದ್ದಷ್ಟೇ ಅಲ್ಲ. 2005ರ ಕತ್ರೀನಾ ಚಂಡಮಾರುತದ ಸಮಯದಲ್ಲಿ ಸಾಕುಪ್ರಾಣಿಗಳನ್ನು ಬಿಟ್ಟು ಹೋಗಲೊಪ್ಪದೆ ಅನೇಕರು ಮನೆಯಲ್ಲೇ ಉಳಿದುದರಿಂದ, ಜನರನ್ನು ತೆರವುಗೊಳಿಸುವಾಗ ಅವರ ಪ್ರಾಣಿಗಳನ್ನೂ ಗಣನೆಗೆ ತೆಗೆದುಕೊಳ್ಳಬೇಕೆಂಬ ಕಾನೂನು ಅಮೆರಿಕದಲ್ಲಿ 2006ರಲ್ಲಿ ಬಂತು. ಆದರೆ ಅಲ್ಲಿನ ವಿಪತ್ತು ನಿರ್ವಹಣಾ ಸಂಸ್ಥೆ ‘ಸಾಕುಪ್ರಾಣಿ’ ಎಂಬ ಪದಕ್ಕೆ ಕೊಟ್ಟ ವ್ಯಾಖ್ಯಾನದೊಳಗೆ ಆಮೆ ಸೇರಿತು, ಮೀನು ಸೇರಲಿಲ್ಲ. ಅದೇ ಚಂಡಮಾರುತದಲ್ಲಿ ನ್ಯೂ ಆರ್ಲಿಯನ್ಸ್‌ನ ದೊಡ್ಡ ಮತ್ಸ್ಯಾಲಯದ ಕಟ್ಟಡ ಗಾಳಿಯನ್ನು ತಾಳಿಕೊಂಡಿತಾದರೂ, ಜನರೇಟರ್ ಕೈಕೊಟ್ಟ ಕಾರಣ ಅಲ್ಲಿನ ಬಹುಪಾಲು ಮೀನುಗಳು ಸತ್ತವು.

ಮೀನಿನ ತುರ್ತು ಚೀಲದ ಬಗ್ಗೆ ನನಗೆ ಬುದ್ಧಿ ಬಂದದ್ದು ಒಂದು ಪೆಟ್ಟು ತಿಂದ ಮೇಲೆ. ಅರ್ಧ ಗಂಟೆಯೊಳಗೆ ಮನೆ ಬಿಡಬೇಕೆಂಬ ಸೂಚನೆ ಬಂದ ರಾತ್ರಿ, ಆರು ಮೀನುಗಳನ್ನು ಮುಚ್ಚಳವಿಲ್ಲದ ಬಕೆಟ್ಟಿಗೆ ಹಾಕಿ ಗಾಡಿಯಲ್ಲಿಟ್ಟುಕೊಂಡು ಹೊರಟೆ. ಇಳಿದಾಗ ಬಕೆಟ್ಟಿನಲ್ಲಿ ಐದೇ ಇದ್ದವು. ಆರನೆಯದು ಬೆಳಗ್ಗೆ ಸೀಟಿನ ಕೆಳಗಿನ ಮ್ಯಾಟಿಗೆ ಅಂಟಿಕೊಂಡು ಒಣಗಿತ್ತು. ಆದ್ದರಿಂದ ನನ್ನ ಪಟ್ಟಿಯ ಮೊದಲ ವಸ್ತು ಬಿಗಿಯಾದ ಮುಚ್ಚಳವಿರುವ, ಎಂದೂ ಸೋಪು ಸೋಕದ ಬಕೆಟ್ಟು. ಮುಚ್ಚಳದಲ್ಲಿ ಗಾಳಿಯ ಕೊಳವೆ ತೂರುವಷ್ಟು ರಂಧ್ರವಿರಬೇಕು. ತೊಟ್ಟಿಯನ್ನೇ ಎತ್ತಿಕೊಂಡು ಹೋಗುವ ಯೋಚನೆ ಬೇಡ. ನೂರು ಲೀಟರಿನ ತೊಟ್ಟಿಯಲ್ಲಿ ನೀರಿನ ಭಾರವೇ ನೂರು ಕಿಲೋ ಆಗುತ್ತದೆ. ಅರ್ಧ ಖಾಲಿ ಮಾಡಿ ಎತ್ತಿದರೂ ಗಾಜಿನ ಬೆಸುಗೆ ಬಿಡುವ ಅಪಾಯವಿದೆ.

ಬಕೆಟ್ಟಿನೊಂದಿಗೆ ಬ್ಯಾಟರಿಯಿಂದ ನಡೆಯುವ ಏರ್ ಪಂಪ್, ಅದರ ಗಾಳಿಯನ್ನು ನೀರಿನಲ್ಲಿ ಸಣ್ಣ ಗುಳ್ಳೆಗಳಾಗಿಸುವ ಏರ್ ಸ್ಟೋನ್, ಎರಡು ಬಲೆ, ಥರ್ಮಾಮೀಟರ್, ಹಳೆಯ ಟವೆಲ್ ಮತ್ತು ನಲ್ಲಿ ನೀರಿನ ಕ್ಲೋರಿನ್ ಹೋಗಲಾಡಿಸುವ ಆ್ಯಂಟಿ ಕ್ಲೋರಿನ್ ದ್ರಾವಣದ ಸೀಸೆ ಇರಬೇಕು. ಪಂಪಿನೊಳಗೆ ಬ್ಯಾಟರಿ ಹಾಕಿಟ್ಟರೆ ಕೆಲವು ತಿಂಗಳಲ್ಲಿ ಅದು ಸೋರಿ ಪಂಪನ್ನೇ ಕೆಡಿಸಬಹುದಾದ್ದರಿಂದ ಬ್ಯಾಟರಿಗಳನ್ನು ಬೇರೆಯಾಗಿಯೇ ಇಡುವುದು ಲೇಸು. ಚಿಕ್ಕ ಮೀನುಗಳಿಗೆ ಪಾಲಿಥೀನ್ ಚೀಲ ಸಾಕು, ಒಂದರೊಳಗೆ ಒಂದರಂತೆ ಎರಡು. ಮೂರನೆಯ ಒಂದು ಪಾಲು ತೊಟ್ಟಿಯದೇ ನೀರು, ಉಳಿದದ್ದು ಗಾಳಿ ಎಂಬ ಲೆಕ್ಕವನ್ನು ಮೀರಬಾರದು. ಮೀನಿಗೆ ನೀರು ಹೆಚ್ಚಿದ್ದಷ್ಟೂ ಒಳ್ಳೆಯದೆಂದು ಚೀಲವನ್ನು ತುಂಬಿಸುವವರು ಅದರ ಉಸಿರಿಗೇ ಕುತ್ತು ತರುತ್ತಾರೆ. ಚೀಲದ ತಳದ ಮೂಲೆಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದರೆ ಮರಿಗಳು ಅಲ್ಲಿ ಸಿಕ್ಕಿ ನಜ್ಜುಗುಜ್ಜಾಗುವುದಿಲ್ಲ. ಫೈಟರ್ ಮೀನು ಮೇಲೆ ಬಂದು ಗಾಳಿಯನ್ನೇ ಹೀರುವ ಜಾತಿಯಾದ್ದರಿಂದ ಅದಕ್ಕೆ ಚೀಲದ ಈ ಗಾಳಿ ಇನ್ನೂ ಮುಖ್ಯ. ಗಂಡು ಫೈಟರ್‌ಗಳು ಕಾದಾಡುವುದರಿಂದ ಒಂದನ್ನು ಇನ್ನೊಂದರ ಜೊತೆ ಹಾಕುವಂತೆಯೂ ಇಲ್ಲ. ಚೀಲಗಳನ್ನು ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರೆ ಕತ್ತಲಲ್ಲಿ ಮೀನು ಶಾಂತವಾಗಿರುತ್ತದೆ, ನೀರಿನ ಉಷ್ಣತೆಯೂ ಬೇಗ ಬದಲಾಗುವುದಿಲ್ಲ. ಇದು ಸಣ್ಣ ವಿಷಯವಲ್ಲ: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುವ ನೀರು, 30 ಡಿಗ್ರಿಗೆ ಏರಿದಾಗ ಏಳೂವರೆ ಮಿಲಿಗ್ರಾಂಗೆ ಇಳಿಯುತ್ತದೆ.

ಆಮ್ಲಜನಕದ ಕೊರತೆಯ ನಂತರದ ಶತ್ರು, ಮೀನಿನ ಹೊಲಸಿನಿಂದ ನೀರಿಗೆ ಸೇರುವ ಅಮೋನಿಯಾ. ಅಪಾಯದ ಮುನ್ಸೂಚನೆ ಬಂದೊಡನೆ ಮೀನಿಗೆ ಆಹಾರ ಹಾಕುವುದನ್ನು ನಿಲ್ಲಿಸಬೇಕು. ಆರೋಗ್ಯವಂತ ದೊಡ್ಡ ಮೀನು ಹಲವು ದಿನ ಉಪವಾಸವಿರಬಲ್ಲದು, ಆದರೆ ತನ್ನದೇ ಹೊಲಸಿನಲ್ಲಿ ಅಷ್ಟು ದಿನ ಬದುಕಲಾರದು. ಮುಚ್ಚಿದ ಚೀಲದಲ್ಲಿ ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) ಇಳಿಸುವುದರಿಂದ, ಅಲ್ಲಿ ಸೇರಿದ ಅಮೋನಿಯಾದ ಹೆಚ್ಚಿನ ಪಾಲು ಅಷ್ಟೊಂದು ಹಾನಿ ಮಾಡದ ಅಮೋನಿಯಂ ರೂಪದಲ್ಲಿರುತ್ತದೆ. ಚೀಲ ಬಿಚ್ಚಿದೊಡನೆ ಆ ಅನಿಲ ಹೊರಹೋಗಿ, ಪಿಎಚ್ ಏರಿ, ಅದೇ ಅಮೋನಿಯಾ ವಿಷವಾಗುತ್ತದೆ. ಆದ್ದರಿಂದ ದಾರಿಯಲ್ಲಿ ಮೀನು ಹೇಗಿದೆಯೆಂದು ಪದೇಪದೇ ಚೀಲ ಬಿಚ್ಚಿ ನೋಡುವ ಪ್ರೀತಿ ಒಳ್ಳೆಯದಲ್ಲ. ತಲುಪಿದ ಮೇಲೆ ಮುಚ್ಚಿದ ಚೀಲವನ್ನೇ ಹೊಸ ನೀರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ತೇಲಿಬಿಟ್ಟು, ಉಷ್ಣತೆ ಹೊಂದಿಕೊಂಡ ನಂತರ ಬಿಚ್ಚಿ, ಹಳೆಯ ನೀರನ್ನು ಸುರಿಯದೆ ಮೀನನ್ನು ಮಾತ್ರ ಬಲೆಯಲ್ಲಿ ಎತ್ತಿ ಬಿಡಬೇಕು.

ಫಿಲ್ಟರಿನ ಸ್ಪಂಜನ್ನು ಬಿಟ್ಟು ಹೋಗಬೇಡಿ. ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾಗಳ ಸಂಸಾರವೇ ಅದರಲ್ಲಿರುತ್ತದೆ. ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ತೊಳೆದರೆ ಅವು ಸಾಯುತ್ತವೆ. ಏರ್ ಪಂಪ್ ಆಡುತ್ತಿರುವ ಬಕೆಟ್ಟಿನಲ್ಲೇ ಅದನ್ನು ಹಾಕಿಬಿಟ್ಟರೆ ಬ್ಯಾಕ್ಟೀರಿಯಾ ಉಳಿಯುವುದು, ನೀರು ಶುದ್ಧವಾಗುವುದು ಎರಡೂ ಕೆಲಸ ಒಟ್ಟಿಗೇ ಆಗುತ್ತದೆ.

ಮೀನುಗಳನ್ನು ಬಿಟ್ಟೇ ಹೋಗಬೇಕಾದ ಸ್ಥಿತಿ ಬಂದರೆ, ಹಿಡಿ ತುಂಬ ಆಹಾರ ಸುರಿಯದೆ, ಹೀಟರಿನ ಪ್ಲಗ್ ಕಿತ್ತು, ಬ್ಯಾಟರಿ ಪಂಪನ್ನು ನಡೆಯಲು ಬಿಟ್ಟು ಹೊರಡಬೇಕು. ಹತ್ತಿರದ ಕೆರೆಗೋ ಹೊಳೆಗೋ ಬಿಡುವುದು ಕರುಣೆಯೆನಿಸಬಹುದು. ಹಾಗೆ ಸೇರಿದ ಪರಸ್ಥಳದ ಮೀನುಗಳು ಅಲ್ಲಿನ ಮೂಲ ಮೀನುಗಳಿಗೆ ಕಂಟಕವಾದ ಉದಾಹರಣೆಗಳು ಬೇಕಾದಷ್ಟಿವೆ.

ಇಷ್ಟೆಲ್ಲ ಜೋಡಿಸಿಟ್ಟ ಮೇಲೂ, ತೊಟ್ಟಿ ತೊಳೆಯುವ ಒಂದು ದಿನ ಗಡಿಯಾರ ನೋಡಿಕೊಂಡು ಮೀನು ಹಿಡಿದಾಗ ನನಗೆ ನಲವತ್ತು ನಿಮಿಷ ಬೇಕಾಯಿತು. ಅದರಲ್ಲಿ ಹೆಚ್ಚಿನದು ಕಲ್ಲು, ಗಿಡ, ಮಣ್ಣಿನ ಬೊಂಬೆಗಳ ನಡುವೆ ಬಲೆ ಆಡಿಸಿದ್ದೇ ಆಗಿತ್ತು. ಮುಂದಿನ ಸಲ ಅವನ್ನೆಲ್ಲ ಮೊದಲು ಎತ್ತಿಟ್ಟು, ನೀರನ್ನು ಕಾಲು ಭಾಗಕ್ಕೆ ಇಳಿಸಿ ಹಿಡಿದೆ. ಹನ್ನೆರಡು ನಿಮಿಷದಲ್ಲಿ ಮುಗಿಯಿತು. ತಾವು ಮುಂದೆ ತುರ್ತು ಸಿದ್ಧತೆಯ ಪಟ್ಟಿಯನ್ನು ಪ್ರಕಟಿಸುವಾಗ ನಾಯಿ ಬೆಕ್ಕುಗಳ ಕೆಳಗೆ ಮೀನಿಗೂ ನಾಲ್ಕು ಸಾಲು ಮೀಸಲಿಡಬೇಕೆಂದು ಕೋರುತ್ತೇನೆ.

ಇತಿ,
ಮೀನು ಸಾಕುವ ಒಬ್ಬ ಓದುಗ