ಹಾರ ಹಾಕಿಸಿಕೊಂಡ ಮೇಲೆ

ಕಳೆದ ತಿಂಗಳ ಕೊನೆಯ ದಿನ ನನ್ನ ಸರ್ಕಾರಿ ಸೇವೆ ಮುಗಿಯಿತು. 1987ರಲ್ಲಿ ಬೆರಳಚ್ಚುಗಾರ್ತಿಯಾಗಿ ಸೇರಿದವಳು ಅಧೀಕ್ಷಕಿಯಾಗಿ ಬೆಂಗಳೂರಿನ ಬಹುಮಹಡಿ ಕಟ್ಟಡದ ಮೆಟ್ಟಿಲಿಳಿದೆ. ಸಹೋದ್ಯೋಗಿಗಳು ಶಾಲು ಹೊದಿಸಿ, ಗಂಧದ ಹಾರ ಹಾಕಿ, ಹಣ್ಣಿನ ಬುಟ್ಟಿ ಕೈಗಿಟ್ಟು, ಆಟೊ ಹತ್ತುವವರೆಗೂ ಜೊತೆಗೆ ಬಂದರು. ಅವರೆಲ್ಲರಿಗೂ ಕೈಮುಗಿಯುತ್ತೇನೆ. ಆದರೆ ಅಂಬೇಡ್ಕರ್ ಬೀದಿ ದಾಟುವಷ್ಟರಲ್ಲಿ ಮನಸ್ಸು ಬೇರೆ ಕಡೆ ಹೋಗಿತ್ತು. ಈ ಹಾರದಲ್ಲಿ ಪಾಲು ಸಲ್ಲಬೇಕಾದ ಕೆಲವರಿದ್ದಾರೆ. ಅವರಿಗೆ ಯಾರೂ ಬೀಳ್ಕೊಡುಗೆ ಸಮಾರಂಭ ಮಾಡಲಿಲ್ಲ. ಒಂದು ದಿನ ಬಾಗಿಲು ಹಾಕಿದರು, ಅಷ್ಟೆ. ಅವರ ಅಂಗಡಿಗಳಿದ್ದ ಜಾಗದಲ್ಲಿ ಈಗ ಬೇರೆ ಬೋರ್ಡುಗಳಿವೆ. ಈ ಬರಹ ಅವರಿಗಾಗಿ.

ಎಲ್ಲರಿಗಿಂತ ಮೊದಲು ನಮ್ಮ ಟೈಪಿಂಗ್ ಮೇಷ್ಟ್ರು.

1983ರಲ್ಲಿ ನಾನು ಪಿಯುಸಿ ಮುಗಿಸಿದ ಹೊತ್ತಿಗೆ ಅಪ್ಪ ದುಡಿಯುತ್ತಿದ್ದ ಗಿರಣಿಗೆ ಬೀಗ ಬಿದ್ದಿತು. ಅಮ್ಮ ಹಪ್ಪಳ ಒತ್ತಿ ಮನೆ ನಡೆಸುತ್ತಿದ್ದಳು. ಗೋಕಾಕ್ ಚಳವಳಿಯ ಕಾವು ಇನ್ನೂ ಆರಿರಲಿಲ್ಲ. ಕನ್ನಡ ಟೈಪಿಂಗ್ ಕಲಿತ ಹುಡುಗಿಗೆ ಸರ್ಕಾರದಲ್ಲಿ ಕೆಲಸ ಗ್ಯಾರಂಟಿ ಎಂದು ಎದುರುಮನೆಯ ಅತ್ತೆ ಹೇಳಿದ ಮಾತನ್ನು ಅಮ್ಮ ಗಟ್ಟಿಯಾಗಿ ಹಿಡಿದಳು. ಹನುಮಂತನಗರದಿಂದ ಚಾಮರಾಜಪೇಟೆಗೆ ನಡೆದು ಬೆಳಗಿನ ಆರು ಗಂಟೆಯ ಬ್ಯಾಚಿಗೆ ಹೋಗುತ್ತಿದ್ದೆ. ಕಿರಿದಾದ ಮರದ ಮೆಟ್ಟಿಲು ಹತ್ತಿದರೆ ಉದ್ದನೆಯ ಕೋಣೆ. ಸಾಲಾಗಿ ಹನ್ನೆರಡು ಯಂತ್ರಗಳು. ಎಂಟು ಇಂಗ್ಲಿಷಿನವು, ನಾಲ್ಕು ಕನ್ನಡದವು. ಆರು ಗಂಟೆಗೆ ಅಲ್ಲಿ ಮಳೆಯಂಥ ಸದ್ದು ಶುರುವಾಗುತ್ತಿತ್ತು. ಸಾಲಿನ ಕೊನೆ ಬಂದಾಗಲೆಲ್ಲ ಒಂದೊಂದು ಯಂತ್ರ ಟಿಣ್ ಎನ್ನುತ್ತಿತ್ತು.

ಫೀಸು ತಿಂಗಳಿಗೆ ಹದಿನೈದು ರೂಪಾಯಿ. ಎರಡು ತಿಂಗಳು ಕೊಟ್ಟೆ, ಮೂರನೆಯದು ಕೊಡಲಾಗಲಿಲ್ಲ. ನಾಲ್ಕನೆಯದೂ ಬಾಕಿ ಉಳಿದಾಗ ನಾಚಿಕೆಯಿಂದ ಒಂದು ವಾರ ಹೋಗಲೇ ಇಲ್ಲ. ಎಂಟನೆಯ ದಿನ ಮೇಷ್ಟ್ರೇ ಮನೆ ಹುಡುಕಿಕೊಂಡು ಬಂದರು. ಜಗುಲಿಯಲ್ಲಿ ಕುಳಿತು ಅಮ್ಮ ಕೊಟ್ಟ ಕಾಫಿ ಕುಡಿದರು. ಹಣದ ಮಾತೇ ಎತ್ತಲಿಲ್ಲ. ಹೊರಡುವಾಗ ನನ್ನತ್ತ ತಿರುಗಿ, “ನಾಳೆಯಿಂದ ಸ್ಟೆನ್ಸಿಲ್ ಕಲಿಯಬೇಕು ನೀನು. ನನಗೆ ಒಂದು ಕೈ ಬೇಕಾಗಿದೆ” ಎಂದರು.

ಸ್ಟೆನ್ಸಿಲ್ ಎಂದರೆ ಏನೆಂದು ಈಗಿನ ಮಕ್ಕಳಿಗೆ ಹೇಳಬೇಕು. ಜೆರಾಕ್ಸ್ ಇನ್ನೂ ದುಬಾರಿಯಾಗಿದ್ದ ಕಾಲದಲ್ಲಿ ಶಾಲೆಯ ಪ್ರಶ್ನೆಪತ್ರಿಕೆ, ಸಂಘದ ಸುತ್ತೋಲೆ, ಕಚೇರಿಯ ಆದೇಶ ಎಲ್ಲವೂ ಸೈಕ್ಲೋಸ್ಟೈಲ್ ಆಗಬೇಕಿತ್ತು. ಅದಕ್ಕೆ ಮೇಣ ಹಚ್ಚಿದ ತೆಳು ಹಾಳೆಯ ಮೇಲೆ ಅಕ್ಷರ ಕೊರೆಯಬೇಕು. ರಿಬ್ಬನ್ ಅಡ್ಡ ಬರದಂತೆ ಇಳಿಸಿ, ಅಚ್ಚಿನ ಲೋಹವೇ ನೇರವಾಗಿ ಹಾಳೆಗೆ ತಾಗುವಂತೆ ಹೊಡೆಯಬೇಕು. ಅಕ್ಷರ ಬಿದ್ದಲ್ಲಿ ಮೇಣ ಸರಿದು, ಆ ಗೆರೆಯಿಂದ ಶಾಯಿ ಇಳಿದು ಕೆಳಗಿನ ಕಾಗದದಲ್ಲಿ ಮೂಡುತ್ತದೆ. ಮೆಲ್ಲಗೆ ಹೊಡೆದರೆ ಮೂಡುವುದಿಲ್ಲ. ಜೋರಾಗಿ ಹೊಡೆದರೆ ದುಂಡಕ್ಷರದ ನಡುವಿನ ಚೂರು ಉದುರಿಹೋಗಿ ತೂತು ಬೀಳುತ್ತದೆ, ಅಚ್ಚಾದ ಹಾಳೆಯಲ್ಲಿ ಅಲ್ಲೊಂದು ಕಪ್ಪು ಮಚ್ಚೆ. ಇಂಗ್ಲಿಷಿನಲ್ಲಿ ಅಂಥ ಅಕ್ಷರ ನಾಲ್ಕೈದು ಇರಬಹುದು. ನಮ್ಮ ಕನ್ನಡದಲ್ಲಿ ದುಂಡಗಿಲ್ಲದ ಅಕ್ಷರ ಯಾವುದಿದೆ? ಅನುಸ್ವಾರದ ಸೊನ್ನೆಯಂತೂ ಪ್ರತಿ ಸಾಲಿನಲ್ಲೂ ಕಾದು ಕುಳಿತಿರುತ್ತದೆ. ಕೀಲಿಗೆ ತಕ್ಕಂತೆ ಬೆರಳಿನ ಭಾರ ಬದಲಾಗಬೇಕು. ಒತ್ತಕ್ಷರಕ್ಕೆ ಒಂದು ಹದ, ಸೊನ್ನೆಗೆ ಇನ್ನೊಂದು ಹದ.

ಮುಗಿದ ಸ್ಟೆನ್ಸಿಲನ್ನು ಮೇಷ್ಟ್ರು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಓದುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದರು. “ಸೊನ್ನೆ ತೂತು ಬಿದ್ದಿದೆ” ಎಂದರೆ ಆ ದುಬಾರಿ ಹಾಳೆ ಹಾಳಾಯಿತೆಂದೇ ಅರ್ಥ. ಆದರೂ ಒಂದು ದಿನವೂ ಗದರಲಿಲ್ಲ. ಕೆಂಪು ತಿದ್ದುವ ದ್ರವದ ಸೀಸೆ ಮುಂದಿಟ್ಟು, ಅಚ್ಚುಗಳಲ್ಲಿ ಸಿಕ್ಕಿಕೊಂಡ ಮೇಣವನ್ನು ಗುಂಡುಸೂಜಿಯಿಂದ ತಾವೇ ತೆಗೆದುಕೊಡುತ್ತಿದ್ದರು. ಆರು ತಿಂಗಳಲ್ಲಿ ನನ್ನ ಸೊನ್ನೆಗಳು ನಿಂತವು. ಬಾಕಿ ಫೀಸು ಆ ಕೆಲಸದಲ್ಲೇ ತೀರಿತು ಎಂದು ಅವರು ಪುಸ್ತಕದಲ್ಲಿ ಬರೆದುಕೊಂಡರು. ತೀರಿರಲಿಲ್ಲ, ನನಗೆ ಗೊತ್ತು. ನಾನು ಹಾಳುಮಾಡಿದ ಹಾಳೆಗಳ ಬೆಲೆಯೇ ಅದಕ್ಕಿಂತ ಹೆಚ್ಚಾಗಿತ್ತು.

ಕನ್ನಡ ಟೈಪ್‌ರೈಟರಿಗೆ ಕೀಲಿಮಣೆ ರೂಪಿಸಿದ ಅನಂತಸುಬ್ಬರಾಯರ ಹೆಸರನ್ನು ಮೊದಲು ಕೇಳಿದ್ದು ಮೇಷ್ಟ್ರ ಬಾಯಲ್ಲೇ. ಕಾಗುಣಿತ, ಒತ್ತಕ್ಷರಗಳ ಇಷ್ಟು ದೊಡ್ಡ ಸಂಸಾರವನ್ನು ನಾಲ್ಕು ಸಾಲು ಕೀಲಿಗಳಲ್ಲಿ ಕೂರಿಸಿದ ಪುಣ್ಯಾತ್ಮ ಎನ್ನುತ್ತಿದ್ದರು. ಆ ಹೆಸರು ಹೇಳುವಾಗ ಅವರ ದನಿಯೇ ಬದಲಾಗುತ್ತಿತ್ತು.

ಪರೀಕ್ಷೆಗೆ ಯಂತ್ರಗಳನ್ನು ನಾವೇ ಒಯ್ಯಬೇಕಿತ್ತು. ಅದಕ್ಕೊಬ್ಬ ತಳ್ಳುಗಾಡಿಯ ಅಣ್ಣ ಬರುತ್ತಿದ್ದರು. ಹಳೆಯ ಕೌದಿಗಳನ್ನು ಹಾಸಿ, ಯಂತ್ರಗಳ ಸಂದಿಗೆ ಗೋಣಿಚೀಲ ತುರುಕಿ, ಕಲ್ಲು ಕುಣಿ ತಪ್ಪಿಸಿ ತಳ್ಳುತ್ತಿದ್ದರು. ಒಂದು ಕೀಲಿ ಕದಲಿದರೂ ಒಬ್ಬ ಹುಡುಗಿಯ ಪರೀಕ್ಷೆ ಹೋಯಿತೆಂದು ಅವರಿಗೆ ತಿಳಿದಿತ್ತು. ಪರೀಕ್ಷೆ ಮುಗಿಯುವವರೆಗೂ ಕೇಂದ್ರದ ಗೇಟಿನ ಹೊರಗೆ ಗಾಡಿಯ ಮೇಲೆಯೇ ಕುಳಿತು ಕಾಯುತ್ತಿದ್ದ ಆ ಅಣ್ಣನ ಹೆಸರು ಕೇಳಬೇಕೆಂದು ನಮಗೆ ಯಾರಿಗೂ ತೋಚಲಿಲ್ಲ. ಇವತ್ತಿಗೂ ಅದು ಚುಚ್ಚುತ್ತದೆ.

ಪಾಸಾದ ಮೇಲೂ ಕೆಲಸ ತಕ್ಷಣ ಸಿಗಲಿಲ್ಲ. ಆ ಮೂರು ವರ್ಷ ಕೆಂಪೇಗೌಡ ರಸ್ತೆಯಲ್ಲಿ, ಕಂದಾಯ ಭವನದ ಹತ್ತಿರ ಮರದ ಕೆಳಗೆ ಮೇಜು ಹಾಕಿ ಅರ್ಜಿ ಟೈಪ್ ಮಾಡುತ್ತಿದ್ದ ಒಬ್ಬ ಹಿರಿಯರು ನನಗೆ ಅನ್ನ ಕೊಟ್ಟರು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ತಮ್ಮ ಎರಡನೆಯ ಯಂತ್ರವನ್ನು ನನ್ನ ಮುಂದಿಟ್ಟು, ಬಂದದ್ದರಲ್ಲಿ ಅರ್ಧ ನಿನಗೆ ಎಂದರು. ಪಹಣಿ ತಿದ್ದುಪಡಿ, ವಿಧವಾ ವೇತನ, ಪಿತ್ರಾರ್ಜಿತ ಜಮೀನಿನ ತಕರಾರು, ಹೀಗೆ ಎಲ್ಲೆಲ್ಲಿಂದಲೋ ಬಂದವರು ನಿಂತು ಅಳುತ್ತ ಹೇಳುತ್ತಿದ್ದರು. ಚಾಚಾ ಪೂರ್ತಿ ಕೇಳಿದ ಮೇಲೆಯೇ ಕಾಗದ ಏರಿಸುತ್ತಿದ್ದರು. “ಬಂದವರ ಕಷ್ಟ ಮೊದಲ ಸಾಲಿನಲ್ಲೇ ಬರಬೇಕು ಮಗಳೇ, ಕಾನೂನು ಆಮೇಲೆ ಬರಲಿ” ಎಂದು ಕಲಿಸಿಕೊಟ್ಟರು. ಮುಂದೆ ನಾನು ಮೇಜಿನ ಆಚೆ ಬದಿಗೆ ಹೋದೆ. ಕಡತದಲ್ಲಿ ಯಾವ ಅರ್ಜಿ ಬಂದರೂ ಮೊದಲ ಸಾಲನ್ನು ಎರಡು ಸಲ ಓದುವ ಅಭ್ಯಾಸ ಕೊನೆಯ ದಿನದವರೆಗೂ ಬಿಡಲಿಲ್ಲ. ನಾನು ಒಳ್ಳೆಯ ನೌಕರಳಾಗಿದ್ದೆ ಎಂದು ಅಂದು ಯಾರೋ ಭಾಷಣ ಮಾಡಿದರು. ಹಾಗಿದ್ದರೆ ಅದು ಆ ಮರದ ಕೆಳಗೆ ಆದದ್ದು.

ಬಾಡಿಗೆ ಪುಸ್ತಕದಂಗಡಿಯ ಅಕ್ಕ, ಇಪ್ಪತ್ತೈದು ಪೈಸೆಯ ಕಾದಂಬರಿಯನ್ನು ನಾನು ಎರಡು ದಿನ ಇಟ್ಟುಕೊಂಡರೂ ಒಂದೇ ದಿನದ ಬಾಡಿಗೆ ಬರೆದವರು. ನಮ್ಮಣ್ಣನಿಗೆ ಗಂಟೆಯ ಲೆಕ್ಕ ನೋಡದೆ ಸೈಕಲ್ ಬಿಟ್ಟುಕೊಟ್ಟ ಬಾಡಿಗೆ ಸೈಕಲ್ ಅಂಗಡಿಯ ಯಜಮಾನರು. ನನ್ನ ಒಂದೇ ಕೊಡೆಯನ್ನು ಮೂರು ಮಳೆಗಾಲ ಬದುಕಿಸಿದ ಗಾಂಧಿಬಜಾರಿನ ಕೊಡೆ ರಿಪೇರಿಯವರು. ಎಲ್ಲರನ್ನೂ ನೆನೆಯುತ್ತೇನೆ.

ಇನ್ನೊಬ್ಬರ ಬಗ್ಗೆ ಮಾತ್ರ ನಿಂತು ಹೇಳಬೇಕು. 1994ರಲ್ಲಿ ನನ್ನ ಯಜಮಾನರು ಆಗಿನ ಗುಲ್ಬರ್ಗದಲ್ಲಿ ಕೆಲಸದಲ್ಲಿದ್ದರು. ಒಂದು ರಾತ್ರಿ ಅಪ್ಪನಿಗೆ ಎದೆನೋವು ಬಂದಿತು. ಆಸ್ಪತ್ರೆಗೆ ಸೇರಿಸಿ, ಯಜಮಾನರಿಗೆ ಹೇಗೆ ತಿಳಿಸುವುದೆಂದು ತಿಳಿಯದೆ ನಮ್ಮ ಬೀದಿಯ ಎಸ್‌ಟಿಡಿ ಬೂತಿನ ಮುಂದೆ ನಿಂತೆ. ರಾತ್ರಿ ಒಂದು ಗಂಟೆ ದಾಟಿತ್ತು, ಬಾಗಿಲು ಹಾಕಿತ್ತು. ಅಂಗವಿಕಲರಿಗೆ ಆದ್ಯತೆಯ ಮೇಲೆ ಬೂತು ಕೊಡುತ್ತಿದ್ದ ಕಾಲ ಅದು. ನಮ್ಮ ಬೂತಿನವರು ಊರುಗೋಲಿನ ಮೇಲೆ ನಡೆಯುತ್ತಿದ್ದರು, ಮನೆ ಹಿಂದಿನ ಬೀದಿಯಲ್ಲಿತ್ತು. ಹೋಗಿ ಬಾಗಿಲು ತಟ್ಟಿದೆ. ಒಂದು ಮಾತೂ ಕೇಳದೆ ಬೀಗದ ಕೈ ತೆಗೆದುಕೊಂಡು, ಕತ್ತಲಲ್ಲಿ ಟಕ್ ಟಕ್ ಎಂದು ಊರುಗೋಲು ಊರುತ್ತ ನನ್ನ ಮುಂದೆ ಮುಂದೆ ನಡೆದರು. ಲೈನು ಸಿಗಲು ಹನ್ನೊಂದು ಸಲ ಒತ್ತಿದರು. ನಾನು ಮಾತಾಡುವಷ್ಟು ಹೊತ್ತೂ ಮೀಟರಿನ ಕೆಂಪು ಅಂಕಿಗಳು ಏರುತ್ತಲೇ ಇದ್ದವು, ಅವರು ಅತ್ತ ನೋಡದೆ ಬಾಗಿಲಾಚೆ ಹೋಗಿ ನಿಂತರು. ಆಮೇಲೆ ಚೀಟಿ ಹರಿದು ಜೇಬಿಗೆ ಹಾಕಿಕೊಂಡು, “ರಾತ್ರಿ ಹನ್ನೊಂದರ ಮೇಲೆ ಕಾಲು ದರ ತಾನೆ ಅಕ್ಕ, ಅಪ್ಪ ಮನೆಗೆ ಬರಲಿ, ಆಮೇಲೆ ನೋಡೋಣ” ಎಂದರು. ಅಪ್ಪ ಮನೆಗೆ ಬಂದರು. ಮೊಬೈಲ್ ಬಂದ ಮೇಲೆ ಆ ಬೂತು ಎಂದು ಮುಚ್ಚಿತೋ ನಾನು ಗಮನಿಸಲೇ ಇಲ್ಲ. ಆ ದಾರಿಯಲ್ಲೇ ದಿನವೂ ಬಸ್ಸಿಗೆ ಓಡುತ್ತಿದ್ದವಳು ಗಮನಿಸಬೇಕಿತ್ತು.

ಕಚೇರಿಗೆ ಕಂಪ್ಯೂಟರ್ ಬಂದಾಗ, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಕಲಿಯಬೇಕಾದಾಗ, ಕೆ.ಪಿ. ರಾಯರು ರೂಪಿಸಿದ ಕಂಪ್ಯೂಟರ್ ಕೀಲಿಮಣೆಗೆ ನನ್ನ ಹಳೆಯ ಬೆರಳುಗಳು ಒಗ್ಗದೆ ಅಳು ಬಂದಾಗ, ಊಟದ ಬಿಡುವಿನಲ್ಲಿ ಪಕ್ಕ ಕುಳಿತು ಹೇಳಿಕೊಟ್ಟ ಕಿರಿಯರೇ, ನಿಮಗೂ ಋಣಿ. ನೀವು ಇನ್ನೂ ಅಲ್ಲೇ ಇದ್ದೀರಿ, ನಿಮಗೆ ಎದುರಿಗೇ ಹೇಳಿದ್ದೇನೆ.

2011ರಲ್ಲಿ ಗೋದ್ರೇಜ್ ಕಂಪನಿ ಟೈಪ್‌ರೈಟರ್ ತಯಾರಿಕೆ ನಿಲ್ಲಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ಓದಿದೊಡನೆ ಮೇಷ್ಟ್ರಿಗೆ ಫೋನ್ ಮಾಡಿದೆ. “1955ರಲ್ಲಿ ಅವರು ಮೊದಲ ಯಂತ್ರ ತಯಾರಿಸಿದಾಗ ನಾನು ಮಿಡ್ಲ್ ಸ್ಕೂಲಿನಲ್ಲಿದ್ದೆ. ನೋಡು, ನನ್ನ ಕಣ್ಣೆದುರೇ ಹುಟ್ಟಿ ಮುಗಿಯಿತು” ಎಂದರು. ಮರುವರ್ಷ ಕೋಣೆ ಖಾಲಿ ಮಾಡಿದರು. ಅವರು ಹೋಗಿ ಆರು ವರ್ಷವಾಯಿತು.

ನಿವೃತ್ತಿಯ ಮರುದಿನ ಆ ಗಂಧದ ಹಾರವನ್ನೂ ಹಣ್ಣನ್ನೂ ಹಿಡಿದು ಮೇಷ್ಟ್ರ ಮನೆಗೆ ಹೋದೆ. ಅವರ ಹೆಂಡತಿ, ನಾನು ಅಮ್ಮ ಎಂದೇ ಕರೆಯುವವರು, ಬಾಗಿಲು ತೆರೆದರು. ಎಂಬತ್ತು ದಾಟಿದ್ದರೂ ದನಿ ಕೇಳಿಯೇ ಗುರುತು ಹಿಡಿದರು. ಹಾರವನ್ನು ಪಟಕ್ಕೆ ಹಾಕಿದೆವು. ನಡುಮನೆಯ ಮೂಲೆಯಲ್ಲಿ, ಕಸೂತಿ ಹಾಕಿದ ಬಟ್ಟೆ ಹೊದ್ದು ಒಂದು ಕನ್ನಡ ರೆಮಿಂಗ್ಟನ್ ಕುಳಿತಿತ್ತು. ಎಲ್ಲ ಯಂತ್ರಗಳನ್ನೂ ತೂಕಕ್ಕೆ ಕೊಟ್ಟು ಇದೊಂದನ್ನು ಉಳಿಸಿಕೊಂಡಿದ್ದರಂತೆ. ಅಮ್ಮ ಕ್ಯಾಲೆಂಡರಿನ ಒಂದು ಹಾಳೆ ಹರಿದು ಕೊಟ್ಟು, ಹೊಡಿ ಎಂದರು. ಖಾಲಿ ಬೆನ್ನು ಮೇಲೆ ಬರುವಂತೆ ಏರಿಸಿದೆ. ಬೆರಳು ತಾವಾಗಿಯೇ ಜಾಗಕ್ಕೆ ಹೋದವು. ‘ಮೇಷ್ಟ್ರಿಗೆ ವಂದನೆಗಳು’ ಎಂದು ಹೊಡೆದೆ. ರಿಬ್ಬನ್ ಒಣಗಿತ್ತು, ಕಾಗದದ ಮೇಲೆ ಬಣ್ಣವೇ ಮೂಡಲಿಲ್ಲ. ಬರಿಯ ಅಚ್ಚು ಬಿದ್ದಿತ್ತು.

ಅಮ್ಮ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಕಿಟಕಿಯ ಬಳಿಗೆ ಹೋದರು. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಸೊನ್ನೆ ತೂತು ಬಿದ್ದಿಲ್ಲ ಕಣೇ” ಎಂದರು.